ಕಾಲ್ಬೆರಳಿಗೆ ಬಂದ ಬಾಳೆ ಮೀನು

ಮೊನ್ನೆ ಶಹಾಪುರದ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಹೊಸ ಚಪ್ಪಲಿ ಹಾಕಿ ನೋಡುತ್ತಿದ್ದೆ. ಬಗ್ಗಿ ಪಟ್ಟಿ ಸರಿಮಾಡುತ್ತಿದ್ದ ಅಂಗಡಿಯವರು, ನನ್ನ ಬಲಗಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಇರುವ ಬಿಳಿ ಗೆರೆ ಕಂಡು, ಹಳೆಯ ಚಪ್ಪಲಿ ಕಚ್ಚಿದ್ದೇ ಎಂದು ಕೇಳಿದರು. ಹೌದು ಎಂದುಬಿಟ್ಟೆ. ಅಪರಿಚಿತರಿಗೆ ವಿವರಿಸುವುದಕ್ಕಿಂತ ಅವರು ಹೇಳಿದ್ದನ್ನು ಒಪ್ಪಿಕೊಳ್ಳುವುದು ನನಗೆ ಯಾವಾಗಲೂ ಸುಲಭ. ಆದರೆ ಮನೆಗೆ ಬಂದ ಮೇಲೆ ಆ ಗೆರೆಗೆ ಅನ್ಯಾಯ ಮಾಡಿದೆ ಅನಿಸತೊಡಗಿತು. ಅಂಗಡಿಯಲ್ಲಿ ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ. ನೀವು ನನ್ನ ಪಾದವನ್ನು ನೋಡುತ್ತ ಕೂತಿಲ್ಲ, ಅದೊಂದು ಅನುಕೂಲ.

ಕಕ್ಕೇರಾ ದಾಟಿ ಇಳಿಯುತ್ತ ಹೋದರೆ ಕೃಷ್ಣೆಯ ದಡದಲ್ಲಿ ನಮ್ಮೂರು. ಬಂಡೆಗಳ ನಡುವೆ ಗದ್ದಲ ಮಾಡುತ್ತ ಬಂದ ನದಿ ಅಲ್ಲಿ ಒಂದು ಕಡೆ ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ. ಆ ಆಳವಾದ ಜಾಗವನ್ನು ಮಡು ಎನ್ನುತ್ತೇವೆ. ಚಳಿ ಬಿದ್ದ ಮೇಲೆ ಬಾಳೆ ಮೀನುಗಳು ಮಡುವಿನ ತಳ ಸೇರುತ್ತವೆ. ಉದ್ದನೆಯ ಚಪ್ಪಟೆ ಮೈ, ಕಣ್ಣಿನ ಆಚೆಗೂ ಸೀಳಿದಂಥ ಬಾಯಿ, ಉದ್ದ ಮೀಸೆ. ನೋಡಲು ಚೆಲುವೇನಲ್ಲ. ಆದರೆ ನಮ್ಮ ದಡದಲ್ಲಿ ಒಬ್ಬ ಮನುಷ್ಯನ ಬಗ್ಗೆ ಒಳ್ಳೆಯ ಮಾತು ಹೇಳಬೇಕಾದರೆ, ಅವನು ಬಾಳಿ ಹಿಡಿದವ ಎನ್ನುತ್ತಾರೆ. ಅದಕ್ಕಿಂತ ಹೆಚ್ಚಿನ ವಿಶೇಷಣವನ್ನು ನಾನು ಅಲ್ಲಿ ಕೇಳಿಲ್ಲ.

ಮಡುವಿನಲ್ಲಿ ಏಳು ಮನೆಗಳಿಗೆ ಏಳು ಜಾಗಗಳಿವೆ. ಯಾವ ಕಾಗದದಲ್ಲೂ ಇಲ್ಲದ ಆ ಹಂಚಿಕೆಗೆ ಒಂದೇ ನಿಯಮ. ದೀಪಾವಳಿಯಿಂದ ಎಳ್ಳಮಾವಾಸ್ಯೆಯ ಒಳಗೆ ಆ ಮನೆಯವರು ತಮ್ಮ ಜಾಗದಲ್ಲಿ, ಇಲ್ಲವೇ ಪಕ್ಕದವರು ಒಪ್ಪಿ ಬಿಟ್ಟುಕೊಟ್ಟ ಜಾಗದಲ್ಲಿ, ಒಂದಾದರೂ ಬಾಳೆ ಮೀನು ಹಿಡಿಯಬೇಕು. ಇಲ್ಲವಾದರೆ ಜಾಗ ಪಕ್ಕದ ಮನೆಗೆ ಹೋಗುತ್ತದೆ. ಹಿಡಿಯುವುದೂ ಬಲೆಯಲ್ಲಲ್ಲ, ಗಾಳದಲ್ಲಿ. ಗಾಳದ ದಾರವನ್ನು ಹರಗೋಲಿನ ಅಂಚಿನ ಮೇಲಿಟ್ಟ ಕಾಲಿನ ಎರಡು ಬೆರಳುಗಳ ನಡುವೆ ಹಾಯಿಸಿ ಕೂರಬೇಕು. ಕೈಯಲ್ಲಿ ಯಾಕೆ ಹಿಡಿಯಬಾರದು ಎಂದು ಚಿಕ್ಕವಳಿದ್ದಾಗ ಅಪ್ಪನನ್ನು ಕೇಳಿದ್ದೆ. ಕೈಗೆ ಅವಸರ ಜಾಸ್ತಿ ಯವ್ವಾ, ಕಾಲಿಗೆ ಇಲ್ಲ ಎಂದಿದ್ದ.

ನಾನು ಕಲಬುರಗಿಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದ ಚಳಿಗಾಲದಲ್ಲಿ ಅಪ್ಪ ಬಂಡೆಯ ಮೇಲೆ ಜಾರಿ ಬಲತೋಳು ಮುರಿದುಕೊಂಡ. ರಜೆಗೆ ಬಂದಾಗ ಎಳ್ಳಮಾವಾಸ್ಯೆಗೆ ಇನ್ನು ಐದು ದಿನ. ನಮ್ಮ ಜಾಗದಲ್ಲಿ ಇನ್ನೂ ಒಂದು ಮೀನೂ ಎದ್ದಿರಲಿಲ್ಲ. ಮನೆಯಲ್ಲಿದ್ದವರು ಪ್ಲಾಸ್ಟರಿನ ಅಪ್ಪ, ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಮತ್ತು ನಾನು. ಅವ್ವ ನಾನು ಸಣ್ಣವಳಿದ್ದಾಗಲೇ ಹೋದವಳು. ನಮ್ಮಲ್ಲಿ ಹೆಂಗಸರು ಮೀನು ಮಾರುತ್ತಾರೆ, ಹರಗೋಲಿಗೆ ಹುಟ್ಟು ಹಾಕುತ್ತಾರೆ, ಬಲೆ ಹೆಣೆಯುತ್ತಾರೆ. ಮಡುವಿನಲ್ಲಿ ದಾರ ಬಿಟ್ಟು ಕೂತದ್ದು ಮಾತ್ರ ಯಾರಿಗೂ ನೆನಪಿರಲಿಲ್ಲ. ಕೂರಬಾರದು ಎಂದು ಯಾರೂ ಹೇಳಿರಲೂ ಇಲ್ಲ. ಕೇಳಿದವರೇ ಇರಲಿಲ್ಲ, ಅಷ್ಟೆ.

ಪಕ್ಕದ ಜಾಗ ಯಂಕಪ್ಪ ಮಾವನದು. ಅವರು ಅಪ್ಪನ ತೋಳು ವಿಚಾರಿಸಲು ಬಂದರು. ಕೆಟ್ಟವರಲ್ಲ. ಆಸ್ಪತ್ರೆಗೆ ಅಪ್ಪನನ್ನು ಕರೆದೊಯ್ದವರೂ ಅವರೇ. ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಎದ್ದು ನಿಂತವರು ಬಾಗಿಲ ಬಳಿ ತಿರುಗಿ, ಅಮಾವಾಸ್ಯೆ ಕಳೆದ ಮೇಲೆ ತಾವು ಈಚೆ ಸರಿದು ಕೂರುವುದಾಗಿ ತಿಳಿಸಿದರು. ಅಪ್ಪ ಗೋಡೆ ನೋಡಿದ. ಅವನ ಅಪ್ಪ, ಅವನ ಅಜ್ಜ ಕೂತ ಜಾಗ ಅದು. ಆ ಗೋಡೆಯ ಮೇಲೆ ಏನೂ ಇರಲಿಲ್ಲ, ಆದರೂ ಅಪ್ಪ ನೋಡುತ್ತಲೇ ಇದ್ದ.

“ನಾ ಕುಂದರ್ತೀನಿ,” ಎಂದೆ. ಯಾರೂ ಕೇಳದೆ ನಾನಾಗಿ ಆಡುವ ಮಾತು ಬಲು ಕಡಿಮೆ. ಹಾಗಾಗಿ ಎಲ್ಲರಿಗಿಂತ ಮೊದಲು ಬೆಚ್ಚಿದವಳು ನಾನೇ.

ಯಂಕಪ್ಪ ಮಾವ ನನ್ನ ಪಾದ ನೋಡಿ ನಕ್ಕರು. “ಕಾಲೇಜ್ ಕಲ್ತ ಕಾಲಿನ ಸಂಗಾಟ ಬಾಳಿ ಮಾತಾಡ್ತದೇನಬೇ?”

“ಮಾತಾಡ್ಲಿಲ್ಲಂದ್ರ ನಾ ಮಾತಾಡಸ್ತೀನಿ,” ಎಂದಳು ಅತ್ತೆ. “ಚಹಾ ಕುಡದೀ ಇಲ್ಲ? ನಡಿಯಪ ಇನ್ನ.”

ಅಂದು ಸಂಜೆ ಅಪ್ಪ ಕೂತಲ್ಲೇ ಪಾಠ ಮಾಡಿದ. ಯಾವ ಸಣ್ಣ ಮೀನನ್ನು ಗಾಳಕ್ಕೆ ಜೀವಂತ ಸಿಕ್ಕಿಸಬೇಕು, ದಾರಕ್ಕೆ ಭಾರವಾಗಿ ಕಟ್ಟುವ ಕಲ್ಲು ಎಷ್ಟು ಕೆಳಗಿರಬೇಕು, ದಾರವನ್ನು ಬೆರಳಿಗೆ ಯಾಕೆ ಎಂದೂ ಸುತ್ತಬಾರದು. ಚಳಿಯಲ್ಲಿ ಬಾಳೆ ಮೀನು ಸೆಳೆಯುವುದಿಲ್ಲವಂತೆ. ಬಾಯಲ್ಲಿ ಹಿಡಿದು ಸುಮ್ಮನೆ ಇರುತ್ತದಂತೆ.

“ಎಳಿಯೋದು ನೀರು ಯವ್ವಾ. ಕುಂದ್ರೋದು ಬಾಳಿ. ದಾರದ ಮ್ಯಾಲ ಯಾರೋ ಬಂದು ಕುಂತಂಗ ಆಗ್ತದ. ಆವಾಗ ಹತ್ತ ಎಣಸಿ ಜಗ್ಗು.”

ನಾನು ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಚಿತ್ರ ಸಮೇತ. ಮರುದಿನ ನಸುಕಿನಲ್ಲಿ, ನೀರಿನ ಮೇಲೆ ಹೊಗೆಯಂತೆ ಮಂಜು ಏಳುತ್ತಿರುವಾಗ, ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೊಂಡು ಮಡುವಿಗೆ ಹೋಗಿ ಕೂತೆ. ಹೌದು, ಕಾಲುಚೀಲ. ಹಾಸ್ಟೆಲಿನ ಗೆಳತಿ ಕೊಟ್ಟದ್ದು, ಮೇಲೆ ಕೆಂಪು ಹೂ. ಉಣ್ಣೆಯ ಮೇಲೆ ದಾರ ಹಾಯಿಸಿ ಎರಡು ತಾಸು ಧ್ಯಾನಸ್ಥಳಾಗಿದ್ದೆ. ಮೇಲೆತ್ತಿ ನೋಡಿದರೆ ಗಾಳ ತೊಳೆದಿಟ್ಟಷ್ಟು ಸ್ವಚ್ಛ. ನನ್ನ ಕಾಲ ಕೆಳಗೇ ಯಾರೋ ಆರಾಮಾಗಿ ಊಟ ಮುಗಿಸಿ ಹೋಗಿದ್ದರು.

ಎರಡನೆಯ ದಿನ ಬರಿಗಾಲು. ಅರ್ಧ ತಾಸಿನಲ್ಲಿ ಗಾಳಿಗೆ ಬೆರಳುಗಳು ಮರಗಟ್ಟಿ, ಅವು ನನ್ನವೋ ಹರಗೋಲಿನವೋ ತಿಳಿಯದಾಯಿತು. ಅಂದೂ ಗಾಳ ಬರಿದಾಗಿ ಬಂತು. ಮೂರನೆಯ ದಿನವೂ ಅದೇ. ಅಂದು ಯಂಕಪ್ಪ ಮಾವ ತಮ್ಮ ಜಾಗದಲ್ಲಿ ಮೊಳಕ್ಕೂ ಉದ್ದದ ಮೀನೆತ್ತಿ ನನಗೆ ಕಾಣುವಂತೆ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ಮನೆಗೆ ಬಂದು ಅಪ್ಪನನ್ನು ಕೇಳಿದೆ: ನಿನ್ನ ಕಾಲು ಮರಗಟ್ಟುತ್ತಿರಲಿಲ್ಲವೇ? ಇಲ್ಲ, ನನಗೆ ಎಂದೂ ಹಾಗಾಗಿಲ್ಲ ಎಂದ. ಸುಳ್ಳು ಹೇಳುವವನಲ್ಲ. ಯಾಕೆ ಆಗಲಿಲ್ಲ ಎಂಬುದು ಅವನಿಗೂ ಗೊತ್ತಿರಲಿಲ್ಲ. ನಾಲ್ಕನೆಯ ದಿನ ಪಾದಕ್ಕೆ ಎಳ್ಳೆಣ್ಣೆ ತಿಕ್ಕಿಕೊಂಡು ಹೋದೆ. ಎಣ್ಣೆಯ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ, ದಾರವೇ ಜಾರಿಹೋಯಿತು.

ಅಮಾವಾಸ್ಯೆಯ ಬೆಳಗು ಬಂತು. ಊರಿನವರೆಲ್ಲ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆಗಳ ಬುತ್ತಿ ಕಟ್ಟಿ ಹೊಲಕ್ಕೆ ಹೋಗಿ, ಬೆಳೆಗೆ ಎಡೆಯಾಗಿ ಚರಗ ಚೆಲ್ಲಲು ಹೊರಡುವ ದಿನ. ಅತ್ತೆ ಮತ್ತು ನಾನು ನೀರಿಗೆ ಹೊರಟೆವು. ಅತ್ತೆ ಹರಗೋಲನ್ನು ಬಂಡೆಗೆ ಕಟ್ಟಿದಳು. ನಾನು ದಾರ ಬಿಟ್ಟು ಕೂತೆ. ತಾಸು ಕಳೆಯುವಷ್ಟರಲ್ಲಿ ಬೆರಳು ಮತ್ತೆ ಕಟ್ಟಿಗೆಯಾದವು. ನನಗೆ ಅಳು ಬರುತ್ತಿತ್ತು. ಬರದಂತೆ ಎದುರಿನ ಬಂಡೆ ನೋಡುತ್ತಿದ್ದೆ. ಅಪ್ಪ ಗೋಡೆಯನ್ನು ಯಾಕೆ ನೋಡಿದ ಎಂದು ಆಗ ತಿಳಿಯಿತು.

ಅತ್ತೆ ಇದ್ದಕ್ಕಿದ್ದಂತೆ ಬೇರೇನೋ ನೆನಪಿಸಿಕೊಂಡವಳಂತೆ ಮಾತಾಡಿದಳು. “ನಿಮ್ಮಪ್ಪ ಚಳಿಗಾಲ್ದಾಗ ಮನಿಗಿ ಬಂದ್ರ ಪಾದ ಯಾವಾಗ್ಲೂ ಒದ್ದಿ ಇರ್ತಿದ್ವು. ನೆಲಾ ಎಲ್ಲಾ ಹಸಿ ಮಾಡ್ತಿದ್ದ. ಎಷ್ಟ ಬೈದೀನಿ ಅದಕ್ಕ.”

“ಒದ್ದಿ ಯಾಕ ಇರ್ತಿದ್ವು ಅತ್ತಿ?”

“ನನಗೇನ್ ಗೊತ್ತು. ನೀರಾಗ ಬಿಡ್ತಿದ್ದನೋ ಏನೋ.”

ನಾನು ಕೈ ಇಳಿಸಿ ನದಿ ಮುಟ್ಟಿದೆ. ನೀರು ಬೆಚ್ಚಗಿತ್ತು. ಗಾಳಿ ಕೊರೆಯುತ್ತಿದ್ದಾಗ ಹಿಂದಿನ ದಿನದ ಬಿಸಿಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೃಷ್ಣೆ ಬೆಚ್ಚಗೆ ಹರಿಯುತ್ತಿತ್ತು. ಕಣ್ಣೆದುರೇ ಏಳುತ್ತಿದ್ದ ಮಂಜು ಐದು ದಿನದಿಂದ ಅದನ್ನೇ ಹೇಳುತ್ತಿತ್ತು. ನೀರು ಗಾಳಿಗಿಂತ ಎಷ್ಟು ನಿಧಾನವಾಗಿ ತಣಿಯುತ್ತದೆ, ಯಾಕೆ ಹಾಗೆ ಎಂದು ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪೂರ್ಣ ಅಂಕ ಪಡೆದವಳು. ಅಪ್ಪನ ಪಾದ ಶಾಲೆಗೆ ಹೋಗದೆ ತನಗೆ ಬೇಕಾದದ್ದನ್ನು ತಾನೇ ಮಾಡಿಕೊಂಡಿತ್ತು. ಅದು ಮಾಡುತ್ತಿದ್ದುದು ಅಪ್ಪನಿಗೂ ಗೊತ್ತಾಗಿರಲಿಲ್ಲ.

ಪಾದವನ್ನು ನೀರಿಗಿಳಿಸಿದೆ. ನೂರು ಎಣಿಸುವಷ್ಟರಲ್ಲಿ ಬೆರಳುಗಳಿಗೆ ಚುರುಚುರು ಜೀವ ಬಂತು. ಅಂಚಿನ ಮೇಲಿಟ್ಟು ದಾರ ಹಾಯಿಸಿದೆ. ಈಗ ನೀರಿನ ಸೆಳೆತ ತಿಳಿಯಿತು, ಸಿಕ್ಕಿಸಿದ ಸಣ್ಣ ಮೀನು ಬಾಲ ಆಡಿಸುವುದೂ ತಿಳಿಯಿತು. ತಣ್ಣಗಾದರೆ ಮತ್ತೆ ನೀರಿಗೆ, ಮತ್ತೆ ಅಂಚಿಗೆ. ಮೂರನೆಯ ಸಲ ಅಂಚಿಗೆ ಇಟ್ಟಾಗ ಬಾಲದ ಅಲುಗಾಟ ನಿಂತಿತು. ಸೆಳೆತವಿಲ್ಲ, ಕಂಪವಿಲ್ಲ. ದಾರದ ಮೇಲೆ ಯಾರೋ ಬಂದು ಕೂತರು.

ಹತ್ತು ಎಣಿಸಿದೆ. ನನ್ನ ಜೀವನದ ಅತ್ಯಂತ ದೀರ್ಘ ಹತ್ತು. ಎರಡೂ ಕೈಯಲ್ಲಿ ಜಗ್ಗಿದೆ.

ಮಡು ಒಮ್ಮೆಲೇ ಎದ್ದು ನಡೆಯಿತು. ದಾರ ಬೆರಳ ಸಂದಿಯನ್ನು ಕೊಯ್ದುಕೊಂಡು ಓಡಿತು. ನೋವು ಆಗ ತಿಳಿಯಲಿಲ್ಲ. ಅತ್ತೆ ಕಟ್ಟು ಬಿಚ್ಚಿದಳು. ಹರಗೋಲು ಬುಗುರಿಯಂತೆ ತಿರುಗುತ್ತ ಮೀನಿನ ಹಿಂದೆ ಹೊರಟಿತು. ಅತ್ತೆ ಬಿಡು ಅಂದಾಗ ಬಿಟ್ಟೆ, ತಾ ಅಂದಾಗ ಎಳೆದೆ. ಎಷ್ಟು ಹೊತ್ತು ಎಂದು ಕೇಳಬೇಡಿ, ಸೂರ್ಯ ಮೇಲೆ ಬಂದಿದ್ದ. ಕೊನೆಗೆ ಬಿಳಿ ಹೊಟ್ಟೆ ಮಗ್ಗುಲಾಗಿ ನೀರಿನ ಮೇಲೆ ಕಂಡಿತು. ಅತ್ತೆ ಗೋಣಿಚೀಲ ಸುತ್ತಿದ ಕೈಯಿಂದ ಅದರ ಕಿವಿರಿನ ಹಿಂದೆ ಹಿಡಿದು ಒಳಗೆ ಉರುಳಿಸಿದಳು. ಅಡ್ಡಡ್ಡ ಬಿದ್ದರೆ ತಲೆ ಈ ಅಂಚಿಗೆ, ಬಾಲ ಆ ಅಂಚಿಗೆ. ನಾವಿಬ್ಬರೂ ಕಾಲಿಡಲು ಜಾಗವಿಲ್ಲದೆ ಅದರ ಆಚೆಗೊಬ್ಬರು ಈಚೆಗೊಬ್ಬರು ಕೂತು, ಉಸಿರು ಬಿಡುತ್ತ, ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಅಷ್ಟು ದೊಡ್ಡದಾಗಿ ನಾನು ನಕ್ಕದ್ದನ್ನು ಅತ್ತೆ ಅದೇ ಮೊದಲು ಕಂಡಳಂತೆ.

ರೂಢಿಯ ಪ್ರಕಾರ ಪಕ್ಕದ ಜಾಗದವರು ಬಂದು ನೋಡಬೇಕು. ಯಂಕಪ್ಪ ಮಾವ ಬಂದು ಮೀನಿನ ಬಾಯಿ ತೆರೆದು ಗಾಳ ನೋಡಿದರು, ಬಳಿಕ ನನ್ನ ಪಾದದ ರಕ್ತ ನೋಡಿದರು. ರುಮಾಲಿನ ಅಂಚು ಹರಿದು ಗಾಯಕ್ಕೆ ತಾವೇ ಕಟ್ಟಿದರು. “ನಿಮ್ಮಪ್ಪನ ಜಾಗಾ ಉಳೀತು,” ಎಂದರು. ಮನೆಯಲ್ಲಿ ಅಪ್ಪ ಎಡಗೈಯಿಂದ ಮೀನಿನ ಮೈಯನ್ನು ತಲೆಯಿಂದ ಬಾಲದ ತನಕ ಸವರಿದ. ಅಂದು ಗೋಡೆಯ ಕಡೆ ಒಮ್ಮೆಯೂ ನೋಡಲಿಲ್ಲ.

ತೋಳು ಕೂಡಿತು, ದಾರ ಎಳೆಯುವ ಬಲ ಬರಲಿಲ್ಲ. ಈಗ ಅಪ್ಪ ಹುಟ್ಟು ಹಾಕುತ್ತಾನೆ. ನಾನು ಶಹಾಪುರದಲ್ಲಿ ಪಾಠ ಹೇಳುತ್ತೇನೆ, ಚಳಿಗಾಲದ ಶನಿವಾರಗಳಂದು ಮಧ್ಯಾಹ್ನದ ಬಸ್ ಹಿಡಿಯುತ್ತೇನೆ. ಇದು ನಾಲ್ಕನೆಯ ಚಳಿಗಾಲ. ಮೀನು ಪ್ರತಿ ವರ್ಷವೂ ಬಂದಿದೆ.

ಇದನ್ನು ಬರೆಯುತ್ತಿರುವಾಗಲೇ ಯಂಕಪ್ಪ ಮಾವನ ಫೋನ್ ಬಂತು. ಅವರ ಜಾಗದಲ್ಲಿ ಈ ವರ್ಷ ಹೂಳು ತುಂಬಿದೆಯಂತೆ, ದೀಪಾವಳಿಯಿಂದ ಒಂದೂ ಎದ್ದಿಲ್ಲವಂತೆ, ಅಮಾವಾಸ್ಯೆ ಹತ್ತಿರ ಬಂತಂತೆ. ಅಪ್ಪನ ಮನೆ ಅವರ ಮನೆಯಿಂದ ಇಪ್ಪತ್ತು ಹೆಜ್ಜೆ. ಆದರೂ ಶಹಾಪುರಕ್ಕೆ ಫೋನ್ ಮಾಡಿದ್ದರು. ಸ್ವಲ್ಪ ಕೆಮ್ಮಿ ಕೇಳಿದರು.

“ನಿನ್ನ ಜಾಗದಾಗ ನಾಕ ದಿನ ಕುಂದರ್ಲೇನವಾ?”

ನಾನು ಲೆಕ್ಕ ಹಾಕುವವಳಂತೆ ಕ್ಯಾಲೆಂಡರಿನ ದಿನಗಳ ಮೇಲೆ ಬೆರಳಾಡಿಸಿದೆ. ನಿಜ ಹೇಳಬೇಕೆಂದರೆ ‘ನಿನ್ನ ಜಾಗ’ ಎಂದ ಆ ಮಾತನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತಿದ್ದೆ.

“ಶನಿವಾರದ ತನಕ ಕುಂದರ್ರಿ ಮಾವ,” ಎಂದೆ. “ಐತವಾರ ನಾ ಬರ್ತೀನಿ.”

“ಆತವಾ. ಐತವಾರ ನಸುಕಿನಾಗ ಜಾಗಾ ಖಾಲಿ ಮಾಡಿರ್ತೀನಿ,” ಎಂದರು.