ಶಾಂತಕ್ಕನಿಗೆ ಹೇಳದ ಮಾತು

ಮೊನ್ನೆ ನ್ಯಾಮತಿ ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಹಸುವಿನ ಹಿಂಡಿಯ ಚೀಲ ಬಿಚ್ಚುತ್ತಿದ್ದರು. ಕಾಕಂಬಿ ಬೆರೆತ ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಂಡಿತು. ನಗಬೇಡಿ. ನನಗೆ ಬಂದಂಥ ನೋಟಿಸು ನಿಮಗೆ ಬಂದಿದ್ದರೆ ನೀವೂ ಮುಟ್ಟಿಕೊಳ್ಳುತ್ತಿದ್ದಿರಿ.

ಹೊನ್ನಾಳಿ ರಸ್ತೆಯಲ್ಲಿ ಆಗೊಂದು ಹಿಂಡಿ ಕಾರ್ಖಾನೆಯಿತ್ತು. ಅದಕ್ಕೆ ಖಾಲಿ ಚೀಲ ಒದಗಿಸುತ್ತಿದ್ದವನು ನಾನು. ಅಲ್ಲಿನ ಕೆಲಸಗಾರರಿಗೆ ಊಟ ಕಳಿಸುತ್ತಿದ್ದವರು ಖಾನಾವಳಿಯ ಶಾಂತಕ್ಕ. ಇಬ್ಬರಿಗೂ ಬಾಕಿ ಬರಬೇಕಿತ್ತು. ಪ್ರತಿ ಸೋಮವಾರ ಅವರ ಖಾನಾವಳಿಯಲ್ಲಿ ನಾನು ರೊಟ್ಟಿ ತಿನ್ನುವುದು, ಇಬ್ಬರೂ ಸೇರಿ ಮಾಲೀಕನನ್ನು ಬೈಯುವುದು. ಬೈಗುಳದಲ್ಲಿ ಅವರದೇ ಮೇಲುಗೈ. ನನ್ನದು ಹೂಂಗುಟ್ಟುವ ಕೆಲಸ.

ಒಂದು ದಿನ ಕಾರ್ಖಾನೆಯ ಮ್ಯಾನೇಜರ್ ನನ್ನನ್ನು ಕರೆಸಿ ಕುರ್ಚಿ ಹಾಕಿಸಿದ. ಅದುವರೆಗೆ ಎಂದೂ ಕೂತ್ಕೊಳ್ಳಿ ಅನ್ನದವನು. ನನಗೆ ಅನುಮಾನ ಬರಬೇಕಿತ್ತು, ಬಂತು ಕೂಡ.

"ನಿಮ್ದು ಅಷ್ಟೂ ಚುಕ್ತಾ ಮಾಡ್ತೀನಿ ರೀ. ಯಾರಿಗೂ ಹೇಳಾಕೆ ಹೋಗಬೇಡಿ" ಅಂದ.

ದುಡ್ಡು ಖಾತೆಗೆ ಬಿದ್ದೊಡನೆ ಅನುಮಾನ ಇಳಿದುಹೋಯಿತು. ಮುಂದಿನ ಸೋಮವಾರ ರೊಟ್ಟಿ ತಿಂದೆ, ಮಾಲೀಕನನ್ನು ಎಂದಿಗಿಂತ ಜೋರಾಗಿಯೇ ಬೈದೆ, ದುಡ್ಡು ಬಂದದ್ದನ್ನು ಮಾತ್ರ ಹೇಳಲಿಲ್ಲ.

ಕೆಲವೇ ತಿಂಗಳಲ್ಲಿ ಕಾರ್ಖಾನೆ ದಿವಾಳಿಯೆದ್ದಿತು. ಅದರ ಆಸ್ತಿ ಮಾರಿ, ಬಾಕಿ ಬರಬೇಕಾದವರಿಗೆಲ್ಲ ಹಂಚಲು ಒಬ್ಬ ಅಧಿಕಾರಿ ನೇಮಕವಾದರು. ಅವರಿಂದಲೇ ನನಗೆ ನೋಟಿಸು: ಉಳಿದವರನ್ನೆಲ್ಲ ಬಿಟ್ಟು ನಿಮಗೊಬ್ಬರಿಗೆ ಕೊಟ್ಟ ಹಣ ಎಲ್ಲರಿಗೂ ಸೇರಬೇಕಾದದ್ದು, ವಾಪಸು ಕಟ್ಟಿ.

ಅವರಿಗೆ ಹೇಳಿದವರು ಯಾರು? ಶಾಂತಕ್ಕನೇ, ಮತ್ತಾರು! ಹೇಗೋ ವಾಸನೆ ಹಿಡಿದು ಚಾಡಿ ಹೇಳಿದ್ದಾರೆಂದು ತೀರ್ಮಾನಿಸಿಬಿಟ್ಟೆ. ಖಾನಾವಳಿಯ ಕಡೆ ಕಾಲಿಡುವುದು ಬಿಟ್ಟೆ. ಅವರು ಎದುರು ಬಂದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ, ತಪ್ಪು ಅವರದೇ ಎಂಬಂತೆ.

ಹಣ ಕಟ್ಟಲ್ಲ ಅಂದೆ, ಕೇಸು ಕೋರ್ಟಿಗೆ ಹೋಯಿತು. ವಿಚಾರಣೆ ಮೊಬೈಲಿನಲ್ಲಿ, ವಿಡಿಯೋ ಕರೆಯಲ್ಲೇ ನಡೆಯಿತು. ನನ್ನ ಅಂಗಡಿಯ ಚೀಲದ ರಾಶಿಗೆ ಒರಗಿ ಕೂತು ನೋಡಿದೆ. ನನಗೆ ಕೊಟ್ಟದ್ದು ಕಾರ್ಖಾನೆಯ ಪುಸ್ತಕದಲ್ಲೇ ಬರೆದಿತ್ತಂತೆ. ಲೆಕ್ಕ ತಪಾಸಣೆಯವರ ಕಣ್ಣಿಗೆ ಬಿತ್ತಂತೆ. ಮಾಲೀಕ ಹೆಂಡತಿಯ ಹೆಸರಲ್ಲಿ ಇನ್ನೊಂದು ಕಾರ್ಖಾನೆ ತೆಗೆಯುವವನಿದ್ದನಂತೆ. ಅಲ್ಲಿಗೂ ಚೀಲ ಬೇಕಲ್ಲ, ಅದಕ್ಕೇ ನನಗೆ ಆ ಕುರ್ಚಿ! ಯಾರೂ ಚಾಡಿ ಹೇಳಿರಲಿಲ್ಲ. ಕೇಸು ಸೋತೆ. ಚೀಲ ಸಾಗಿಸುತ್ತಿದ್ದ ವ್ಯಾನು ಮಾರಿ ಹಣ ಕಟ್ಟಿದೆ.

ಆಮೇಲೆ ಶಾಂತಕ್ಕನ ಮುಂದೆ ಹೋಗಿ ನಿಂತೆ. "ಅಕ್ಕಾ, ನಿಮ್ಮ ಮ್ಯಾಲೆ ಅನುಮಾನ ಪಟ್ಟೆ" ಅಂದೆ.

ಅವರು ಹಿಟ್ಟು ನಾದುತ್ತಲೇ ಇದ್ದರು. "ದುಡ್ಡು ಬಂದಿದ್ದು ನಂಗೆ ಅವತ್ತೇ ಗೊತ್ತಾತು. ಮ್ಯಾನೇಜರ್ ಇಲ್ಲೇ ಉಣ್ತಾ ಬಾಯಿಬಿಟ್ಟಿದ್ದ. ನೀವೇ ಹೇಳ್ತೀರಿ ಅಂತ ಸುಮ್ನಿದ್ದೆ. ಎಷ್ಟು ಸೋಮವಾರ ಕಾದೆ ಗೊತ್ತೈತಾ?"

ನಾನು ಬಾಗಿಲ ಕಡೆ ತಿರುಗಿದೆ. "ಕೂತ್ಕಳ್ರಿ, ರೊಟ್ಟಿ ಆರತಾವೆ" ಅಂದರು.

ಹಣ ಕಟ್ಟಿದ ಮೇಲೆ ನನ್ನ ಹೆಸರೂ ಬಾಕಿ ಬರಬೇಕಾದವರ ಪಟ್ಟಿಗೆ ಸೇರಿದೆ, ಶಾಂತಕ್ಕನ ಹೆಸರಿನ ಕೆಳಗೆ. ಸಿಗುವುದು ಚೂರುಪಾರು. ಅದಕ್ಕೂ ಒಂದು ಅರ್ಜಿ ತುಂಬಬೇಕು. ಇವತ್ತು ಬೆಳಿಗ್ಗೆ ಅವರದನ್ನೂ ನಾನೇ ತುಂಬಿದೆ. ಪೆನ್ನು ಮುಚ್ಚಿ ಏಳುವಾಗ ಶಾಂತಕ್ಕ ಕೈ ಅಡ್ಡ ಹಿಡಿದರು.

"ಏನು ಬರೆದ್ರಿ, ಒಂದೊಂದೇ ಸಾಲು ಜೋರಾಗಿ ಓದ್ರಿ."

ಓದಿದೆ. ಎರಡು ಸಲ.