ನವಿಲು ಬಂದರೆ ನೀರು

ನಮ್ಮ ಬಡಾವಣೆಯಲ್ಲಿ ಸರ್ಕಾರ ಎಂದರೆ ಓಬಳಯ್ಯನೊಬ್ಬನೇ ಆಗಿದ್ದ. ಉಳಿದ ಸರ್ಕಾರ ಕೈಗೆ ಸಿಗುತ್ತಿರಲಿಲ್ಲ. ಎಂಟು ದಿನಕ್ಕೊಮ್ಮೆ ನೀರು ಬಿಡಲು ಬರುವ ಈ ನೀರುಗಂಟಿ ಸಿಗುತ್ತಿದ್ದ. ಹಾಗಾಗಿ ಬೀದಿದೀಪ, ಚರಂಡಿ, ನಾಯಿ ಎಲ್ಲದಕ್ಕೂ ಅವನನ್ನೇ ಹಿಡಿದು ಬೈಯುತ್ತಿದ್ದೆವು. ಅವನು ಕೇಳಿಸಿಕೊಂಡು, ಟವಲಿನಿಂದ ಮುಖ ಒರೆಸಿಕೊಂಡು, ಮುಂದಿನ ಬೀದಿಗೆ ಹೋಗುತ್ತಿದ್ದ. ಅಲ್ಲೂ ಯಾರಾದರೂ ಕಾದಿರುತ್ತಿದ್ದರು.

ಆಮೇಲೆ ನವಿಲುಗಳ ಬೈಗುಳವೂ ಅವನ ಪಾಲಿಗೆ ಬಂತು. ಮಧುಗಿರಿ ಬೆಟ್ಟದ ಮಗ್ಗುಲಿನ ಕಡಲೆಕಾಯಿ ಹೊಲಗಳನ್ನು ಸೈಟು ಮಾಡಿ ಮನೆ ಕಟ್ಟಿಕೊಂಡವರು ನಾವು. ನವಿಲುಗಳಿಗೆ ಆ ಸಂಗತಿ ಯಾರೂ ತಿಳಿಸಿರಲಿಲ್ಲ. ಬೆಳಗಾದರೆ ಹದಿನೈದು ಇಪ್ಪತ್ತು ಬಂದು ಟೆರೇಸಿನ ಮೇಲೆ ಕೂಗುತ್ತಿದ್ದವು. ಕೊತ್ತಂಬರಿ ಮಡಿ ಕೆದರಿದವು, ತುಳಸಿ ಕುಂಡ ಬೀಳಿಸಿದವು. ಒಂದು ಗಂಡುನವಿಲಂತೂ ನನ್ನ ಕಾರಿನ ಕನ್ನಡಿಯಲ್ಲಿ ತನ್ನನ್ನೇ ಕಂಡು, ಬೇರೆ ನವಿಲೆಂದು ತಿಳಿದು, ಕುಕ್ಕಿ ಕುಕ್ಕಿ ಒಡೆಯಿತು. ರಾಷ್ಟ್ರಪಕ್ಷಿ, ಓಡಿಸುವಂತಿಲ್ಲ, ಮುಟ್ಟುವಂತಿಲ್ಲ. ಪುಸ್ತಕದಲ್ಲಿರುವ ನವಿಲನ್ನು ಮಕ್ಕಳಿಗೆ ಮೂವತ್ತು ಸಲ ಪಾಠ ಮಾಡಿದ ಮೇಷ್ಟ್ರು ನಾನು. ಪಕ್ಕದ ಮನೆಗೆ ಬಂದ ಮೇಲೆ ಅದು ಇಷ್ಟು ಸುಸ್ತು ಮಾಡುತ್ತದೆಂದು ಗೊತ್ತಿರಲಿಲ್ಲ.

ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರ್ ಚಂದ್ರಶೇಖರಯ್ಯ ಕಾರಣ ಪತ್ತೆ ಹಚ್ಚಿದರು. ಬೀದಿ ತುದಿಯ ವಾಲ್ವ್ ಗುಂಡಿ ನೀರು ಬಿಟ್ಟಾಗಲೆಲ್ಲ ಸೋರುತ್ತಿತ್ತು. ಅಲ್ಲಿ ಬೋಗುಣಿಯಷ್ಟು ನೀರು ನಿಂತೊಡನೆ ನವಿಲುಗಳು ಸಾಲಾಗಿ ಬಂದು ಕುಡಿಯುತ್ತಿದ್ದವು. ಸೋರಿಕೆ ನಿಲ್ಲಿಸಿದರೆ ಅವು ಹೋಗುತ್ತವೆ ಎಂದು ಅವರ ವಾದ. ಬರವಣಿಗೆ ಚೆನ್ನಾಗಿದೆಯೆಂದು, ಪುರಸಭೆಗೆ ಅರ್ಜಿ ಬರೆಯಲು ನನ್ನನ್ನು ಕರೆದರು. ಒಡೆದ ಕನ್ನಡಿಯ ಸಿಟ್ಟು ನನಗಿನ್ನೂ ಇತ್ತು. ಎರಡು ಪುಟ ಬರೆದು, ಮೊದಲ ಸಹಿ ನಾನೇ ಹಾಕಿದೆ.

ಆಫೀಸಿನಿಂದ ಹೇಳಿಸಿಕೊಂಡು ಬಂದ ಓಬಳಯ್ಯ ಗುಂಡಿಗೆ ಇಳಿದ. ಅರವತ್ತರ ಹತ್ತಿರದ ಮನುಷ್ಯ, ಮಂಡಿ ಎರಡೂ ಹೋಗಿದ್ದವು. ಕೂರಲು ಒಂದು ಸಲ, ಏಳಲು ಎರಡು ಸಲ ನರಳಿದ. ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಜಾಯಿಂಟಿಗೆ ಬಿಗಿಯಾಗಿ ಸುತ್ತಿ ತಂತಿ ಕಟ್ಟಿದ. ಅವನು ಸುತ್ತಿದ ಟ್ಯೂಬು ಸೋರಿದ್ದನ್ನು ಯಾರೂ ಕಂಡಿಲ್ಲ. ಇದೂ ನಿಂತಿತು.

ನವಿಲುಗಳು ಮಾತ್ರ ಹೋಗಲಿಲ್ಲ. ಕುಂಡ, ಕನ್ನಡಿ, ಕೂಗು ಎಲ್ಲ ಹಾಗೇ ಇದ್ದವು. ವಾಲ್ವಿನ ಹತ್ತಿರ ಬರುವುದನ್ನಷ್ಟೇ ಬಿಟ್ಟವು.

ಅದರ ಪೆಟ್ಟು ಬಿದ್ದದ್ದು ಸರಸಮ್ಮನಿಗೆ. ಏರಿನ ಮೇಲೆ ಕೊನೇ ಮನೆ ಆಕೆಯದು. ಯಾವುದೋ ಜ್ವರದಲ್ಲಿ ಎರಡೂ ಕಿವಿ ಹೋಗಿದ್ದವು. ಮಗಳು ಅಶ್ವಿನಿ ಸಿರಾದ ಬಟ್ಟೆ ಅಂಗಡಿಗೆ ಮೊದಲ ಬಸ್ಸಿಗೇ ಹೋಗಿಬಿಡುತ್ತಿದ್ದಳು. ನೀರು ಬಿಟ್ಟೊಡನೆ ಓಬಳಯ್ಯ ವಾಲ್ವಿನ ಕಬ್ಬಿಣದ ಕೀಲಿಯಿಂದ ಗುಂಡಿಯ ಮುಚ್ಚಳವನ್ನು ಢಣಢಣ ಬಡಿಯುತ್ತಿದ್ದ. ನಾವೆಲ್ಲ ಆ ಸದ್ದಿಗೆ ಓಡಿಬಂದು ನಲ್ಲಿಗೆ ಪೈಪು ಸಿಕ್ಕಿಸುತ್ತಿದ್ದೆವು. ಮುಕ್ಕಾಲು ಗಂಟೆ ನೀರು, ತಪ್ಪಿದರೆ ಮತ್ತೆ ಎಂಟು ದಿನ. ಕಿವಿ ಕೇಳದ ಸರಸಮ್ಮ ಹೇಗೆ ಹಿಡಿಯುತ್ತಾಳೆಂದು ನಾವು ಯಾರೂ ಯೋಚಿಸಿಯೇ ಇರಲಿಲ್ಲ.

ಟ್ಯೂಬು ಸುತ್ತಿದ ಮೇಲೆ ಆಕೆಗೆ ಎರಡು ಸಲ ನೀರು ತಪ್ಪಿತು. ಎರಡನೇ ಸಲ ಖಾಲಿ ಕೊಡ ಹಿಡಿದು ನಮ್ಮ ಸಂಪಿನ ಮುಂದೆ ಬಂದು ನಿಂತಳು. ತಲೆ ಎತ್ತಲಿಲ್ಲ. ವಾಲ್ವು ಮುಚ್ಚಿ ಬರುತ್ತಿದ್ದ ಓಬಳಯ್ಯ ಅಲ್ಲೇ ನಿಂತು, ಆಕೆ ತನ್ನತ್ತ ನೋಡುವಂತೆ ಕೈಯಾಡಿಸಿ, ಏನಾಯಿತೆಂದು ಸನ್ನೆಯಲ್ಲಿ ಕೇಳಿದ.

“ನವಿಲು ಬರ್ಲಿಲ್ವಲ್ಲ ಓಬ್ಳಣ್ಣ,” ಎಂದಳು, “ನೀನು ನೀರು ಬುಡ್ಲಿಲ್ಲ ಅನ್ಕಂಡೆ.”

ಅಡುಗೆಮನೆ ಕಿಟಕಿಯಿಂದ ವಾಲ್ವ್ ಗುಂಡಿ ಕಾಣುತ್ತಿತ್ತಂತೆ. ನವಿಲು ಸೇರಿದರೆ ನೀರು ಬಂತೆಂದು ಆಕೆಯ ಲೆಕ್ಕ. ನಮಗೆ ಕಿವಿ ಇತ್ತು, ಆ ಲೆಕ್ಕ ಕಾಣಲೇ ಇಲ್ಲ. ನಾನು ಬಿಂದಿಗೆ ತುಂಬಿಸಿಕೊಟ್ಟೆ. ಅರ್ಜಿ ಬರೆದ ಕೈಯಿಂದಲೇ ತುಂಬಿಸಿಕೊಟ್ಟೆನಲ್ಲ ಎಂದು ನಾಚಿಕೆಯಾಯಿತು.

ಮುಂದಿನ ಸಲದಿಂದ ಓಬಳಯ್ಯ ನೀರು ಬಿಟ್ಟು ಆ ಏರು ಹತ್ತತೊಡಗಿದ. ಮೂರು ಕಡೆ ನಿಂತು, ಕಾಂಪೌಂಡು ಹಿಡಿದು ಉಸಿರು ತೆಗೆದುಕೊಂಡು, ಸರಸಮ್ಮನ ಕಿಟಕಿಯೆದುರು ಟವಲು ಬೀಸಿ ಇಳಿಯುತ್ತಿದ್ದ. ಇಳಿಯುವಾಗ ಇನ್ನೂ ಕಷ್ಟ. ನನ್ನ ಬೈಕಿನಲ್ಲಿ ಬಿಡುತ್ತೇನೆಂದು ಒಂದು ಸಲ ಹೇಳಿದ್ದುಂಟು. ಸ್ಕೂಲಿಗೆ ಹೊತ್ತಾಗುತ್ತದೆಂದು ಎರಡನೇ ಸಲ ಹೇಳಲಿಲ್ಲ.

ಹೀಗೆ ನಾಲ್ಕು ತಿಂಗಳು ಹತ್ತಿದ. ಕೊನೆಗೆ ಅವನ ನಿವೃತ್ತಿಯ ದಿನ ಬಂತು. ಅವತ್ತು ನಮ್ಮ ಬೀದಿಯ ಸರದಿ ಇರಲಿಲ್ಲ. ಆದರೂ ಸಂಜೆ ಅವನು ವಾಲ್ವ್ ಗುಂಡಿಯಲ್ಲಿ ಕೂತಿದ್ದು ಕಂಡು ಹತ್ತಿರ ಹೋದೆ. ತಂತಿ ಬಿಚ್ಚಿ, ಟ್ಯೂಬನ್ನು ಒಂದೊಂದೇ ಸುತ್ತು ತೆಗೆಯುತ್ತಿದ್ದ. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

“ಮೂವತ್ತೊಂದು ವರ್ಸ ಸೋರೋದ್ನ ನಿಲ್ಸಿದ್ದೇ ಆಯ್ತು ಮೇಷ್ಟ್ರೇ, ಸಾಕಾಯ್ತು,” ಎಂದ. “ಹೊಸುಡುಗ ಆಯಮ್ಮನ ಮನೆಗಂಟ ಹತ್ಕಂಡು ಓಯ್ತಾನಾ? ಬೇಕಾದ್ರೆ ಇನ್ನೊಂದ್ ಅರ್ಜಿ ಬರ್ಕಳಿ.”

ನಾನು ಕೈ ಕೊಟ್ಟು ಮೇಲೆತ್ತಿದೆ. ಟ್ಯೂಬನ್ನು ಮಡಚಿ ಜೇಬಿಗೆ ಹಾಕಿಕೊಂಡು ತನ್ನೂರು ಪುರವರದ ಬಸ್ಸಿಗೆ ಹೊರಟ.

ನಾಲ್ಕನೇ ದಿನ ಹೊಸಬ ಚೇತನ್ ಕುಮಾರ್ ಬೈಕಿನಲ್ಲಿ ಬಂದು ವಾಲ್ವು ತಿರುಗಿಸಿ ಹೋದನಂತೆ. ಮುಚ್ಚಳ ಬಡಿಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಚಂದ್ರಶೇಖರಯ್ಯ ಪೇಪರ್ ಓದುತ್ತಾ ಕೂತಿದ್ದರು, ನಾನು ಗಡ್ಡ ಹೆರೆಯುತ್ತಿದ್ದೆ. ಗುಂಡಿಯ ಹತ್ತಿರ ನವಿಲು ಸೇರಿದ್ದನ್ನು ನಾವು ಯಾರೂ ನೋಡಲಿಲ್ಲ. ಬೀದಿಗೆ ಬೀದಿಯೇ ನೀರು ತಪ್ಪಿಸಿಕೊಂಡಿತು. ಅವತ್ತು ಸಂಜೆ ನಾವು ಬಿಂದಿಗೆ ಹಿಡಿದು ಸರಸಮ್ಮನ ಬಾಗಿಲಿಗೆ ಹೋದೆವು.