ತುದಿ ಕಾಣದ ನೂಲು

ಆ ಬೀದಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಟೈಲರಕ್ಕ. ಮಹಡಿ ಮೆಟ್ಟಿಲ ಕೆಳಗಿನ ಇಷ್ಟಗಲದ ಜಾಗವೇ ಆಕೆಯ ಅಂಗಡಿ. ಬೆನ್ನು ನೆಟ್ಟಗೆ ಮಾಡಬೇಕಾದರೆ ಬಾಗಿಲವರೆಗೆ ಬರಬೇಕು. ಮದುವೆಗೆ ಮೊದಲು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬರೀ ಕಾಲರು ಹೊಲಿದವಳು. ವರ್ಷಗಟ್ಟಲೆ ಕುತ್ತಿಗೆಯೊಂದನ್ನೇ ಹೊಲಿದು ಸಾಕಾಗಿ, ಕಾಲಿನಲ್ಲಿ ತುಳಿಯುವ ಹಳೆಯ ಯಂತ್ರವೊಂದನ್ನು ಕೊಂಡು ಸ್ವಂತ ಅಂಗಡಿ ಇಟ್ಟಳು. ಯಾರಾದರೂ ಹೊಲಿದ ಬಟ್ಟೆಯನ್ನು ಕೈಗೆ ಕೊಟ್ಟರೆ ಮೊದಲು ಅದರ ಒಳಮಗ್ಗುಲು ತಿರುಗಿಸುತ್ತಿದ್ದಳು. "ಮುಂದಿನ ಭಾಗ ಎಲ್ಲರೂ ಚೆನ್ನಾಗೇ ಮಾಡ್ತಾರೆ. ಜೋಡಿಸಿದ ಜಾಗ ತೋರಿಸಿ, ಕೆಲಸ ಎಂಥದ್ದು ಅಂತ ಹೇಳ್ತೀನಿ" ಎನ್ನುತ್ತಿದ್ದಳು.

ಇಂಥವಳ ಒಬ್ಬಳೇ ಮಗಳು ಹಚ್ಚೆ ಹಾಕುವ ಕೆಲಸ ಕಲಿಯಲು ಹೊರಟಾಗ ಎಲ್ಲರಿಗಿಂತ ಮೊದಲು ಮೂಗು ಮುರಿದವಳು ನಾದಿನಿ.

"ಅತ್ತಿಗೆ, ನಿಮ್ಮ ಮಗಳು ಚಿಕ್ಕವಳಿದ್ದಾಗ ಗೋಡೆ ಮೇಲೆ ಗೀಚಿದಳು, ಸುಣ್ಣ ಹೊಡೆಸಿದ್ರಿ. ಪುಸ್ತಕದಲ್ಲಿ ಗೀಚಿದಳು, ರಬ್ಬರ್ ಕೊಡಿಸಿದ್ರಿ. ಈಗ ಜನರ ಮೈಮೇಲೆ ಗೀಚ್ತಾಳಂತೆ. ಅದನ್ನ ಏನು ಹಾಕಿ ಅಳಿಸ್ತೀರಿ?"

"ಅಳಿಸಬೇಕು ಅಂತ ಅನ್ನಿಸದ ಹಾಗೆ ಬರೆಯೋಕೇ ಕಲೀತಿರೋದು ಬಿಡು" ಎಂದು ಟೈಲರಕ್ಕ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು. ಬಾಯೇನೋ ಜೋರಾಗಿತ್ತು, ಒಳಗೊಳಗೆ ಆಕೆಗೂ ಅಳುಕು ಇಲ್ಲದಿರಲಿಲ್ಲ.

ಮಗಳು ಕಲಿಯುತ್ತಿದ್ದ ಅಂಗಡಿಯ ಯಜಮಾನನನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಬಲು ಕಟ್ಟುನಿಟ್ಟಿನ ಮನುಷ್ಯ. ನೆಲ ಒರೆಸುವುದು, ಸಲಕರಣೆ ತೊಳೆಯುವುದು, ಕೃತಕ ಚರ್ಮದ ಹಾಳೆಯ ಮೇಲೆ ಗೆರೆ ಎಳೆಯುವುದು, ಇಷ್ಟರಲ್ಲೇ ಅವಳಿಗೆ ವರ್ಷ ಕಳೆಯಿತು. ಕೊನೆಗೊಂದು ದಿನ ಆತ ಹೇಳಿದ: "ಮೊದಲ ಗೆರೆಗೆ ಮೈ ಕೊಡೋರನ್ನ ನೀನೇ ಕರ್ಕೊಂಡು ಬಾ. ಸರಿ ಬಂದರೆ ಕಿಟಕಿ ಪಕ್ಕದ ಕುರ್ಚಿ ನಿನ್ನದು. ಇಲ್ಲದಿದ್ದರೆ ಇನ್ನೊಂದು ವರ್ಷ ಹಾಳೆ."

ಕೈ ಕೊಡುತ್ತೇನೆಂದು ಮಾತಿತ್ತಿದ್ದ ಗೆಳತಿಯರೆಲ್ಲ ಆ ವಾರ ಕೈಕೊಟ್ಟರು. ಒಬ್ಬಳಿಗೆ ಜ್ವರ, ಒಬ್ಬಳಿಗೆ ಅಪ್ಪನ ಭಯ. ಮಗಳು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದನ್ನು ಕಂಡು ಟೈಲರಕ್ಕ ತೋಳು ಮಡಿಸಿದಳು.

"ಯಾಕೆ, ನನ್ನ ಕೈ ಏನು ಬಾಡಿಗೆಗೆ ಹೋಗಿದೆಯಾ?"

"ಅಮ್ಮ, ಒಂದು ಸಲ ಹಾಕಿಸಿಕೊಂಡ್ರೆ ಹೋಗೋದಿಲ್ಲ."

"ನೀನೂ ಹಾಗೇ ಬಂದವಳು. ನಿನ್ನ ಸಹಿಸಿಕೊಂಡಿಲ್ವಾ?"

ಚಿತ್ರವನ್ನೂ ಆಕೆಯೇ ಆರಿಸಿದಳು. ಮುಂಗೈಯ ಮೇಲೊಂದು ಸೂಜಿ; ಅದರ ಕಣ್ಣಿನಿಂದ ಹೊರಟ ನೂಲು ಕೈಯನ್ನು ಒಂದು ಸುತ್ತು ಬಳಸಿ ಮತ್ತೆ ಅದೇ ಕಣ್ಣಿಗೆ ಬಂದು ಸೇರಬೇಕು. ಮಗಳಿಗೆ ದಿಗಿಲಾಯಿತು. ಹೂವೋ ಎಲೆಯೋ ಆದರೆ ಸಣ್ಣ ತಪ್ಪು ಮುಚ್ಚಿಹೋಗುತ್ತದೆ. ಒಂಟಿ ಗೆರೆಯಲ್ಲಿ ಕೂದಲೆಳೆಯಷ್ಟು ಓರೆಯಾದರೂ ಕಣ್ಣಿಗೆ ಹೊಡೆಯುತ್ತದೆ. ಆದರೆ ಅಮ್ಮನ ಮುಂದೆ ಸುಲಭದ್ದು ಕೊಡು ಎಂದು ಕೇಳಲು ಅವಳಿಗೆ ಮನಸ್ಸು ಬರಲಿಲ್ಲ.

ಗೊತ್ತುಮಾಡಿದ ದಿನ ಮಗಳು ಬೆಳಗಿನಿಂದಲೇ ಯಜಮಾನಿಕೆ ನಡೆಸಿದಳು. ಹೊಟ್ಟೆ ತುಂಬ ಉಣ್ಣಿಸಿದಳು. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ತಲೆ ಸುತ್ತುತ್ತದಂತೆ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ಉಂಟೇ ಎಂದು ಪರಕೀಯಳಂತೆ ವಿಚಾರಿಸಿದಳು. ಅಂಗಡಿಯಲ್ಲಿ ಅಮ್ಮನ ಕಣ್ಣೆದುರಿಗೇ ಹೊಸ ಸೂಜಿಯ ಮೊಹರು ಒಡೆದಳು. ಕೈಗವಸು ತೊಟ್ಟು, ಮುಂಗೈಯ ರೋಮವನ್ನು ನವಿರಾಗಿ ಹೆರೆದಳು.

"ಇಷ್ಟು ಶ್ರದ್ಧೆಯಿಂದ ನಿಮ್ಮಪ್ಪ ಗಡ್ಡ ಹೆರೆದುಕೊಂಡಿದ್ದು ನಾನು ನೋಡಿಲ್ಲ" ಎಂದಳು ಟೈಲರಕ್ಕ. ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ ಮಾಸ್ಟರ್ ನಗು ನುಂಗಿಕೊಂಡ.

ಬಳಿಕ ಮಗಳು ಚಿತ್ರ ಬರೆದ ತೆಳು ಕಾಗದವನ್ನು ಕೈಗೆ ಸುತ್ತಿ ಒತ್ತಿ ತೆಗೆದಳು. ಚರ್ಮದ ಮೇಲೆ ನೇರಳೆ ಬಣ್ಣದ ಗೆರೆ ಮೂಡಿತು. "ಹೋಗಿ ಕನ್ನಡಿಯಲ್ಲಿ ನೋಡಮ್ಮ. ಒಣಗೋವರೆಗೂ ಮುಟ್ಟಬೇಡ."

ಟೈಲರಕ್ಕ ಕನ್ನಡಿಯ ಮುಂದೆ ನಿಂತು ಕೈ ತಿರುಗಿಸಿ ನೋಡಿದಳು. ಸೂಜಿ ನಿಜವಾದ ಸೂಜಿಯಂತೆಯೇ ಇತ್ತು. ಮನಸ್ಸು ತುಂಬಿತು. ತುಂಬಿದ್ದೇ ತಪ್ಪಾಯಿತು! ಗುರುತು ಹಾಕಿದ ಬಟ್ಟೆ ಒಪ್ಪಿಗೆಯಾದಾಗಲೆಲ್ಲ ಮೇಲಿನ ಸೀಮೆಸುಣ್ಣದ ಪುಡಿಯನ್ನು ಅಂಗೈಯಿಂದ ಫಟಫಟನೆ ಕೊಡವುವುದು ಆಕೆಯ ಹಳೆಯ ರೂಢಿ. ಆ ಕೈ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಫಟಫಟನೆ ಎರಡು ಬಾರಿ ಕೊಡವಿಯೇ ಬಿಟ್ಟಿತು. ನೂಲಿನ ಅರ್ಧ ಭಾಗ ನೇರಳೆ ಮಸಿಯಾಗಿ ಮುಂಗೈಗೆಲ್ಲ ಮೆತ್ತಿಕೊಂಡಿತು.

"ಅಮ್ಮಾ!"

"ಅಯ್ಯೋ, ಸೀಮೆಸುಣ್ಣ ಅಂದುಕೊಂಡೆ ಪುಟ್ಟೀ."

ಪೆಚ್ಚಾದ ಮುಖದಲ್ಲಿ ಆಕೆ ಕುರ್ಚಿಗೆ ಮರಳಿದಳು. ಮಗಳಿಗೆ ಕುರ್ಚಿ ಕೊಡಿಸಲು ಬಂದವಳು ತಾನೇ ಅದನ್ನು ಕೆಡಿಸಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಮಾಸ್ಟರ್ ಮೂಲೆಯಿಂದ, "ಇನ್ನೊಂದು ಕಾಗದ ಮಾಡ್ಕೋ, ಪರವಾಗಿಲ್ಲ" ಎಂದ.

ಮಗಳು ಮಸಿಯನ್ನೆಲ್ಲ ಒರೆಸಿದಳು. ಬರಿದಾದ ಕೈಯನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಬೇಡ ಮಾಸ್ಟರ್. ಕಾಗದ ಸುತ್ತಿದಾಗ ಕೈಯ ಹಿಂದುಗಡೆ ಗೆರೆಯ ಎರಡು ತುದಿ ಕೂಡಿರಲಿಲ್ಲ. ಆಮೇಲೆ ಹೇಗೋ ಸೇರಿಸೋಣ ಅಂತ ಸುಮ್ಮನಿದ್ದೆ. ಕೈಮೇಲೇ ಪೆನ್ನಿನಿಂದ ನೇರವಾಗಿ ಬರೀತೀನಿ."

"ನೇರವಾಗಿ ಬರೆಯೋದು ಕೈ ಪಳಗಿದ ಮೇಲೆ. ಕೆಟ್ಟರೆ ಕುರ್ಚಿ ಕೇಳಬೇಡ."

"ಕೇಳಲ್ಲ."

ಟೈಲರಕ್ಕನಿಗೆ ಬೇಡವೆನ್ನಬೇಕೆನಿಸಿತು. ಆದರೆ ಪೆನ್ನು ಹಿಡಿದ ಮಗಳ ಬೆರಳುಗಳನ್ನು ಕಂಡು ಕೈಯನ್ನು ಮುಂದೆ ಚಾಚಿದಳು. ಹಿಂದೆ ತನ್ನ ಹೊಲಿಗೆ ಅಂಗಡಿಯ ನೆಲದಲ್ಲಿ ಕೂತು, ಕತ್ತರಿಸಿ ಉಳಿದ ಚಿಂದಿಯ ಮೇಲೆಲ್ಲ ಸೀಮೆಸುಣ್ಣದಿಂದ ಹಕ್ಕಿ ಬರೆಯುತ್ತಿದ್ದ ಮಗುವೂ ಅದನ್ನು ಹೀಗೇ ಹಿಡಿಯುತ್ತಿತ್ತು, ನಾಲಿಗೆಯ ತುದಿ ಹೊರಗೆ ಚಾಚಿಕೊಂಡು. ಈಗಲೂ ನಾಲಿಗೆ ಹೊರಗಿತ್ತು.

ಪೆನ್ನಿನ ಗೆರೆ ಮುಗಿದು ಯಂತ್ರ ಗುಂಯ್ಯೆಂದಿತು. ಸೂಜಿ ತಾಗಿದಾಗ ಕಾದ ದಾರವೊಂದನ್ನು ಚರ್ಮದ ಮೇಲೆ ಎಳೆದಂತಾಯಿತು. ಹೊಲಿಗೆ ಯಂತ್ರದ ಸೂಜಿಯನ್ನೇ ಒಮ್ಮೆ ಬೆರಳಿಗೆ ಚುಚ್ಚಿಸಿಕೊಂಡಿದ್ದವಳಿಗೆ ಇದೇನೂ ದೊಡ್ಡದೆನಿಸಲಿಲ್ಲ. "ಇಷ್ಟೇನಾ?" ಎಂದಳು. ಅಷ್ಟರಲ್ಲಿ ಮಗಳು ಯಂತ್ರವನ್ನು ಎತ್ತಿದಳು.

"ಅಮ್ಮ, ಕಾಲು!"

ನೋಡಿದರೆ, ಯಂತ್ರದ ಸದ್ದು ಕಿವಿಗೆ ಬಿದ್ದದ್ದೇ ತಡ ಟೈಲರಕ್ಕನ ಪಾದ ತನ್ನ ಪಾಡಿಗೆ ತಾನು ನೆಲವನ್ನು ತುಳಿಯತೊಡಗಿತ್ತು, ಮೈಯೆಲ್ಲ ಅಲುಗುತ್ತಿತ್ತು.

"ಇಲ್ಲಿ ಪೆಡಲ್ ನನ್ನದು. ನೀನು ಇವತ್ತು ಗಿರಾಕಿ, ಸುಮ್ಮನೆ ಕೂರು."

ಮಾಸ್ಟರ್ ನಗುತ್ತಲೇ ಒಂದು ದಿಂಬು ತಂದು ಕಾಲ ಕೆಳಗೆ ಇಟ್ಟ. ಮುಂಗೈ ದಾಟಿ ಗೆರೆ ಒಳಭಾಗದ ಎಳೆಯ ಚರ್ಮಕ್ಕೆ ಹೊರಳಿದಾಗ ನೋವು ಚುರುಕಾಯಿತು. ಕಣ್ಣಲ್ಲಿ ನೀರು ಕಟ್ಟಿತು. "ನಿಲ್ಲಿಸಲಾ? ಸ್ವಲ್ಪ ನೀರು ಕುಡೀತೀಯಾ?" ಎಂದಳು ಮಗಳು. "ಹೊಲಿಗೆ ಮಧ್ಯದಲ್ಲಿ ನಿಲ್ಲಿಸೋರುಂಟಾ? ನಡಿ" ಎಂದು ಆಕೆ ಹಲ್ಲು ಕಚ್ಚಿ ಉಸಿರನ್ನು ಮೆಲ್ಲಗೆ ಬಿಟ್ಟಳು. ಕಾಲು ಅಲುಗಲಿಲ್ಲ. ಕೈಯೂ ಅಲುಗಲಿಲ್ಲ. ಸುತ್ತು ಬಂದ ಗೆರೆ ಮೆಲ್ಲಮೆಲ್ಲನೆ ತಾನು ಹೊರಟ ಕಣ್ಣಿನ ಬಳಿಗೆ ಬಂತು. ಯಂತ್ರದ ಸದ್ದು ನಿಂತಿತು.

ಮಗಳು ಶಾಯಿ ಒರೆಸಿ ಹಿಂದಕ್ಕೆ ಸರಿದಳು. ಮಾಸ್ಟರ್ ಹತ್ತಿರ ಬಂದವನು, "ಮೊದಲು ನೀವು ನೋಡಿ ಅಕ್ಕ. ಮೈ ನಿಮ್ಮದು" ಎಂದ.

ಟೈಲರಕ್ಕ ಮೊದಲು ಸೂಜಿಯನ್ನು ನೋಡಲಿಲ್ಲ. ಅಂಗಿಯನ್ನು ತಿರುಗಿಸುವಂತೆ ಕೈಯನ್ನು ಒಳಮಗ್ಗುಲು ತಿರುಗಿಸಿದಳು. ನೂಲಿನ ಉದ್ದಕ್ಕೂ ಕಣ್ಣಾಡಿಸಿದಳು. ಕಣ್ಣಿನ ಬಳಿ ಬಂದು ಮತ್ತೆ ಒಂದು ಸುತ್ತು ಹೊರಟಳು. ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು.

"ಎಲ್ಲಿ ಜೋಡಿಸಿದೆ?" ಎಂದಳು ಕೊನೆಗೆ. "ನನಗೆ ಸಿಗ್ತಿಲ್ಲ."

ಆ ಬಾಯಿಂದ ಬರುವ ಹೊಗಳಿಕೆಯಲ್ಲಿ ಇದಕ್ಕಿಂತ ದೊಡ್ಡದಿಲ್ಲವೆಂದು ಮಗಳಿಗೆ ಗೊತ್ತಿತ್ತು. ಮಾಸ್ಟರ್ ಕನ್ನಡಕ ಏರಿಸಿ ತಾನೂ ಹುಡುಕಿದ. ಅನಂತರ ಕಿಟಕಿ ಪಕ್ಕದ ಕುರ್ಚಿಯ ಮೇಲೆ ಪೇರಿಸಿದ್ದ ಪೆಟ್ಟಿಗೆಗಳನ್ನೆಲ್ಲ ಎತ್ತಿ ಕೆಳಗಿಟ್ಟು, ಕುರ್ಚಿಯನ್ನು ಒರೆಸಿದ.

ಮನೆಯಲ್ಲಿ ಮಗಳ ಕಾವಲು ಮುಂದುವರಿಯಿತು. ಮೆಲ್ಲಗೆ ತೊಳೆ, ನೆನೆಸಬೇಡ, ಮುಲಾಮು ತೆಳುವಾಗಿ ಹಚ್ಚು, ಬಿಸಿಲಿಗೆ ಒಡ್ಡಬೇಡ. ಸಿಪ್ಪೆ ಏಳುವ ಹೊತ್ತಿಗೆ ತುರಿಕೆ ಪ್ರಾಣ ತಿಂದಿತು, ಉಗುರು ಹೋದಾಗಲೆಲ್ಲ "ಕೆರೀಬೇಡ!" ಎಂಬ ಕೂಗು. ಮಗಳ ಚಿಕ್ಕಂದಿನಲ್ಲಿ ಮೊಣಕಾಲಿನ ಗಾಯ ಕೆರೆಯಬೇಡವೆಂದು ತಾನು ಗದರಿದ್ದಕ್ಕೆ ಈಗ ಅವಳು ಬಡ್ಡಿಸಹಿತ ತೀರಿಸುತ್ತಿದ್ದಾಳೆಂದು ಟೈಲರಕ್ಕ ನಕ್ಕಳು. ಗಾಯ ಪೂರ್ತಿ ಮಾಗಿದ ಮೇಲೆ ತನ್ನ ಉದ್ದ ತೋಳಿನ ಅಂಗಿಗಳನ್ನೆಲ್ಲ ಹೊರತೆಗೆದು, ಮೊಣಕೈಗೆ ಸರಿಯಾಗಿ ಕತ್ತರಿಸಿ ಅಂಚು ಹೊಲಿದಳು.

ನಾದಿನಿ ಅಂಗಡಿಗೆ ಬಂದಾಗ ಟೈಲರಕ್ಕ ಬೇಕೆಂದೇ ಅಳತೆಯ ಟೇಪನ್ನು ಎತ್ತರದ ಮೊಳೆಯಿಂದ ತೆಗೆದಳು.

"ಏನತ್ತಿಗೆ ಇದು, ಈ ವಯಸ್ಸಿನಲ್ಲಿ..." ಎಂದು ಶುರುಮಾಡಿದ ನಾದಿನಿ ಹತ್ತಿರ ಬಂದಳು. ಕೈ ಹಿಡಿದು ಹೀಗೆ ತಿರುಗಿಸಿದಳು, ಹಾಗೆ ತಿರುಗಿಸಿದಳು. "ಶುರು ಎಲ್ಲಿ ಇದಕ್ಕೆ?"

"ಹುಡುಕು" ಎಂದು ಟೈಲರಕ್ಕ ಸ್ಟೂಲನ್ನು ಅವಳ ಕಡೆಗೆ ತಳ್ಳಿ, ಕೈಯನ್ನು ಅವಳ ಮಡಿಲಲ್ಲೇ ಬಿಟ್ಟು ಆರಾಮವಾಗಿ ಕೂತಳು. "ನನಗಂತೂ ಇನ್ನೂ ಸಿಕ್ಕಿಲ್ಲ."